ಆಪರೇಷನ್ ನಂತರದ ಕೆಮ್ಮು ಮತ್ತು ಗಣಿ ಊರಿನ ಶ್ವಾಸಕೋಶ

ಚರ್ಮದ ಮೇಲೆ ಅಂಟಿಸಿದ ಪಟ್ಟಿಗಳ ಮೂಲಕ ನರಗಳಿಗೆ ಲಘು ವಿದ್ಯುತ್ ಮಿಡಿತಗಳನ್ನು ಹಾಯಿಸಿ ನೋವನ್ನು ತಗ್ಗಿಸುವ ವಿಧಾನವನ್ನು ವೈದ್ಯರು ‘ಟೆನ್ಸ್’ ಎಂದು ಕರೆಯುತ್ತಾರೆ. ಬ್ಯಾಟರಿಯಿಂದ ನಡೆಯುವ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾದ ಈ ಉಪಕರಣ ಮಂಡಿ ನೋವು, ಸೊಂಟ ನೋವಿನವರಿಗೆ ಫಿಸಿಯೊಥೆರಪಿ ಕೊಠಡಿಗಳಲ್ಲಿ ದಶಕಗಳಿಂದ ಪರಿಚಿತವಾಗಿದ್ದರೂ, ಶಸ್ತ್ರಚಿಕಿತ್ಸೆ ಮುಗಿಸಿ ವಾರ್ಡಿಗೆ ಬಂದ ರೋಗಿಯ ಮಂಚದ ಬಳಿಗೆ ಅದು ಬರುವುದು ಕಡಿಮೆ. ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಮಟ್ಟಿಗೆ ಈ ಕೊರತೆಯನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಕೆಜಿಎಫ್‌ನ ಚಿನ್ನ ಅಡಗಿದ್ದುದು ಬೆಣಚುಕಲ್ಲಿನಲ್ಲಿ; ಆ ಕಲ್ಲನ್ನು ಕೊರೆದಾಗ, ಸಿಡಿಸಿದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದೊಳಗೆ ಸೇರಿ, ಅಲ್ಲಿನ ಮೃದು ಅಂಗಾಂಶವನ್ನು ಗಾಯದ ಕಲೆಯಂತೆ ಗಡುಸಾಗಿಸುವ ರೋಗವೇ ಸಿಲಿಕೋಸಿಸ್. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು ಇದೇ ಗಣಿಗಳಿಂದ. ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದರೂ ದೂಳು ಎದೆಯಲ್ಲೇ ಉಳಿಯಿತು. ಅಂದು ನಲವತ್ತು ದಾಟಿದ್ದ ಕಾರ್ಮಿಕರು ಇಂದು ಹರ್ನಿಯಾ, ಪಿತ್ತಕೋಶ, ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಗಳು ಬೇಕಾಗುವ ವಯಸ್ಸಿನಲ್ಲಿದ್ದಾರೆ. ಹೊಟ್ಟೆಯ ಮೇಲೆ ಹೊಲಿಗೆ ಬಿದ್ದವರು ನೋವಿಗೆ ಹೆದರಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮನ್ನು ತಡೆಹಿಡಿಯುತ್ತಾರೆ. ಕಫ ಹೊರಬಾರದೆ ಶ್ವಾಸಕೋಶದ ತಳಭಾಗ ಕುಗ್ಗಿ, ಕೆಲವರಲ್ಲಿ ನ್ಯುಮೋನಿಯಾಕ್ಕೆ ತಿರುಗುತ್ತದೆ. ಆರೋಗ್ಯವಂತರು ತಾಳಿಕೊಳ್ಳುವ ಈ ಹಿನ್ನಡೆಯನ್ನು ಮೊದಲೇ ಬಿಗಿದುಕೊಂಡ ಎದೆ ತಾಳಲಾರದು. ಮಾರ್ಫಿನ್ ಜಾತಿಯ ಔಷಧಗಳು ನೋವನ್ನು ಇಳಿಸುತ್ತವೆ, ನಿಜ. ಆದರೆ ಪ್ರಮಾಣ ಹೆಚ್ಚಿದಂತೆ ಉಸಿರಾಟದ ಪ್ರೇರಣೆಯನ್ನೂ ಕೆಮ್ಮನ್ನೂ ಅವು ಕುಂದಿಸುತ್ತವೆ. ಆದ್ದರಿಂದ ಇಲ್ಲಿ ಟೆನ್ಸ್‌ನ ಬೆಲೆಯನ್ನು ಅಳೆಯಬೇಕಾದದ್ದು ರೋಗಿಗೆ ಎಷ್ಟು ಹಿತವಾಯಿತು ಎಂಬುದರಿಂದಲ್ಲ, ಎಷ್ಟು ಗಟ್ಟಿಯಾಗಿ ಕೆಮ್ಮಲು ಸಾಧ್ಯವಾಯಿತು ಎಂಬುದರಿಂದ.

ಈ ವಿಧಾನದ ಹಿಂದಿನ ತರ್ಕವನ್ನು ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮುಂದಿಟ್ಟರು: ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ, ನೋವನ್ನು ಒಯ್ಯುವ ಸಣ್ಣ ತಂತುಗಳ ಸಂದೇಶಕ್ಕೆ ಬೆನ್ನುಹುರಿಯಲ್ಲೇ ತಡೆ ಬೀಳುತ್ತದೆ. ಪೆಟ್ಟು ಬಿದ್ದ ಜಾಗವನ್ನು ಕೈ ತಾನಾಗಿ ಉಜ್ಜುವುದೂ ಇದೇ ಕಾರಣಕ್ಕಿರಬೇಕು. ದೇಹ ತಾನೇ ತಯಾರಿಸುವ ನೋವುನಿವಾರಕ ರಾಸಾಯನಿಕಗಳಿಗೂ ಇದರಲ್ಲಿ ಪಾತ್ರವಿದೆಯೆಂಬುದು ನಂತರದ ಸಂಶೋಧನೆಗಳಿಂದ ತಿಳಿದುಬಂದಿದೆ.

ಪುರಾವೆಯ ಕಥೆ ಇಷ್ಟು ಸರಳವಾಗಿಲ್ಲ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಿಗೆ ಹಂಚಿ ಹೋಲಿಸಿದ 17 ಅಧ್ಯಯನಗಳನ್ನು 1996ರ ಒಂದು ಸಮೀಕ್ಷೆ ಪರಿಶೀಲಿಸಿದಾಗ, ಅವುಗಳಲ್ಲಿ 15ರಲ್ಲಿ ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಟೆನ್ಸ್‌ನಿಂದ ಪ್ರಯೋಜನ ಕಾಣಲಿಲ್ಲ. ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಆದರೆ 2003ರಲ್ಲಿ ನಾರ್ವೆಯ ಯಾನ್ ಬ್ಯೋರ್ಡಲ್ ಮತ್ತು ಸಂಗಡಿಗರು, ಕರೆಂಟಿನ ಪ್ರಮಾಣ ಸಾಕಷ್ಟಿತ್ತೇ ಎಂಬ, ಅಷ್ಟರವರೆಗೆ ಬದಿಗೆ ಸರಿದಿದ್ದ ಪ್ರಶ್ನೆಯನ್ನು ಕೇಳಿದರು. ರೋಗಿ ತಾಳಬಲ್ಲ ಮಟ್ಟದ ಬಲವಾದ ಜುಮುಜುಮು ಅನುಭವವಾಗುವಷ್ಟು ಕರೆಂಟು ಕೊಟ್ಟ ಅಧ್ಯಯನಗಳಲ್ಲಿ ನೋವುನಿವಾರಕಗಳ ಬಳಕೆ ಹುಸಿ ಚಿಕಿತ್ಸೆ ಪಡೆದವರಿಗಿಂತ ಸರಾಸರಿ ಶೇ 35.5ರಷ್ಟು ಇಳಿದಿತ್ತು, ಆ ಖಚಿತತೆ ಇಲ್ಲದ ಅಧ್ಯಯನಗಳಲ್ಲಿ ಇಳಿಕೆ ಕೇವಲ ಶೇ 4.1. ಉಪಕರಣ ಒಂದೇ, ತಿರುಗಣೆಯನ್ನು ಎಷ್ಟು ತಿರುಗಿಸಲಾಯಿತು ಎಂಬುದಷ್ಟೇ ಬೇರೆ. ಅರೆಮನಸ್ಸಿನಿಂದ ಬಳಸಿ ‘ಕೆಲಸ ಮಾಡಲಿಲ್ಲ’ ಎಂದು ಬೀರುವಿಗೆ ಸೇರಿಸುವುದು ಆಸ್ಪತ್ರೆಗಳಲ್ಲಿ ಇದೊಂದರ ಪಾಡಲ್ಲ.

ನರಗಳಿಗೆ ವಿದ್ಯುತ್ ಹಾಯಿಸುವ ವಿಧಾನಗಳಲ್ಲಿ ಟೆನ್ಸ್‌ಗಿಂತ ಹೊಸದೂ ಒಂದಿದೆ. ಕಿವಿಯ ಹಾಲೆಯ ಒಳಬಟ್ಟಲಿನ ಚರ್ಮದ ಮೂಲಕ, ಮೆದುಳಿನಿಂದ ಎದೆ ಹೊಟ್ಟೆಗಳ ಅಂಗಗಳಿಗೆ ಇಳಿಯುವ ವೇಗಸ್ ನರವನ್ನು ಪ್ರಚೋದಿಸಿ ಉರಿಯೂತವನ್ನು ತಗ್ಗಿಸುವ, ಕರುಳಿನ ಚಲನೆಯನ್ನು ಬೇಗ ಮರಳಿಸುವ ಪ್ರಯತ್ನಗಳಿಗೆ ಈಗ ಹೆಚ್ಚು ಪ್ರಚಾರವಿದೆ. ವೇಗಸ್ ನರದ ಪ್ರಚೋದನೆ ಪ್ರಾಣಿಗಳಲ್ಲಿ ಉರಿಯೂತವನ್ನು ಅಡಗಿಸುತ್ತದೆಂದು ಕೆವಿನ್ ಟ್ರೇಸಿ ಅವರ ತಂಡ 2000ದಲ್ಲಿ ತೋರಿಸಿದ್ದು ಮಹತ್ವದ ಶೋಧವೇ. ಆದರೆ ಕಿವಿಯ ವಿಧಾನದ ಮಾನವ ಪ್ರಯೋಗಗಳು ಬಹುಪಾಲು ಸಣ್ಣವು. ತಾಲ್ಲೂಕು ಆಸ್ಪತ್ರೆ ಅದಕ್ಕೆ ಹಣ ಹೂಡುವ ಕಾಲ ಬಂದಿಲ್ಲ.

ಗಣಿ ಕಂಪನಿಯ ಕಾಲದಲ್ಲಿ ಕಾರ್ಮಿಕರ ಎದೆಯ ಮೇಲೆ ಕಣ್ಣಿಟ್ಟಿದ್ದ ಆಸ್ಪತ್ರೆ ಗಣಿಯೊಂದಿಗೇ ಸೊರಗಿತು. ಈಗ ದೊಡ್ಡ ಶಸ್ತ್ರಚಿಕಿತ್ಸೆಗೆ ಇಲ್ಲಿನವರು ಕೋಲಾರಕ್ಕೋ, ಟಮಕದ ವೈದ್ಯಕೀಯ ಕಾಲೇಜಿಗೋ, ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೋ ಹೋಗಿ, ಹೊಲಿಗೆ ಬಿಚ್ಚುವ ಮೊದಲೇ ಊರಿಗೆ ಮರಳುತ್ತಾರೆ. ಚೇತರಿಕೆಯ ಬಹುಭಾಗ ನಡೆಯುವುದು ಗಣಿ ಕಾರ್ಮಿಕರ ಹಳೆಯ ಸಾಲುಮನೆಗಳಲ್ಲಿ. ಹಾಗಾಗಿ ರಾಬರ್ಟ್‌ಸನ್‌ಪೇಟೆಯ ಸಾರ್ವಜನಿಕ ಆಸ್ಪತ್ರೆಯೂ ಬಂಗಾರಪೇಟೆಯ ತಾಲ್ಲೂಕು ಆಸ್ಪತ್ರೆಯೂ ಕೆಲವು ಟೆನ್ಸ್ ಉಪಕರಣಗಳನ್ನು ಇಟ್ಟುಕೊಂಡು, ಡಿಸ್ಚಾರ್ಜ್ ಆಗಿ ಬಂದವರಿಗೆ ಎರವಲು ಕೊಡುವ ವ್ಯವಸ್ಥೆ ಮಾಡುವುದು ಕಟ್ಟಡ ಕಟ್ಟುವುದಕ್ಕಿಂತ ಅಗ್ಗದ ಕೆಲಸ. ಪೇಸ್‌ಮೇಕರ್ ಇರುವವರಿಗೆ ಟೆನ್ಸ್ ಸಲ್ಲದು. ಪಟ್ಟಿಗಳನ್ನು ಗಾಯದ ಮೇಲಲ್ಲ, ಅದರ ಎರಡೂ ಬದಿಯ ಆರೋಗ್ಯಕರ ಚರ್ಮದ ಮೇಲೆ ಅಂಟಿಸಬೇಕು. ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರಲ್ಲಿ ಎಚ್ಚರ ಬೇಕು.

ಉಪಕರಣ ಕೊಳ್ಳುವುದಕ್ಕಿಂತ ಕಷ್ಟದ್ದು ಅದನ್ನು ಹೇಳಿಕೊಡುವುದು. ಕರೆಂಟು ಸಾಕಾಯಿತೇ ಎಂಬುದನ್ನು ತೀರ್ಮಾನಿಸುವವರು ರೋಗಿಯೇ ಆದ್ದರಿಂದ, ತಮಿಳೂ ತೆಲುಗೂ ಮನೆಮಾತಾಗಿರುವ ಈ ಊರುಗಳಲ್ಲಿ ಕನ್ನಡದ ಕರಪತ್ರವೊಂದೇ ಸಾಲದು. ನರ್ಸ್ ಅಥವಾ ಫಿಸಿಯೊಥೆರಪಿಸ್ಟ್ ರೋಗಿಯ ಮಾತಿನಲ್ಲೇ ಕೇಳಿ, ಕೆಮ್ಮಿಸಿ ನೋಡಿ, ಕೆಮ್ಮಿದಾಗಿನ ನೋವನ್ನೂ ಕರೆಂಟಿನ ಮಟ್ಟವನ್ನೂ ಕೇಸ್ ಶೀಟಿನಲ್ಲಿ ಒಟ್ಟಿಗೆ ಬರೆದಿಡಬೇಕಾಗುತ್ತದೆ.