ಮರಳಿ ಬಂದದ್ದು ಜಾವಾವೋ, ಅದರ ಹೆಸರೋ?



ಕಳೆದ ತಿಂಗಳು ಬೆಂಗಳೂರಿನಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಹೊಚ್ಚ ಹೊಸ ಮೋಟಾರ್ ಸೈಕಲ್ ಏರಿ ಮಳವಳ್ಳಿಯ ನಮ್ಮ ಮನೆಯ ಮುಂದೆ ಬಂದಿಳಿದ. ಕೆಂಗಂದು ಬಣ್ಣ, ಫಳಫಳಿಸುವ ಟ್ಯಾಂಕು, ಆಚೆಗೊಂದು ಈಚೆಗೊಂದು ಸೈಲೆನ್ಸರು. "ಮೇಷ್ಟ್ರೇ, ನಿಮ್ಮ ಜಾವಾ ವಾಪಸ್ ಬಂತು ನೋಡಿ" ಎಂದ. ಅವನ ಸಂತೋಷಕ್ಕೆ ಭಂಗ ತರಬಾರದೆಂದು ಕಾಫಿ ಕೊಟ್ಟು, ನಾಲ್ಕು ಒಳ್ಳೆಯ ಮಾತನಾಡಿ ಕಳುಹಿಸಿದೆ. ಆದರೆ ಆ ಮಾತು ಅಂದಿನಿಂದ ಮುಳ್ಳಿನಂತೆ ಮನಸ್ಸಿನಲ್ಲಿ ಉಳಿದಿದೆ. ಅವನಿಗೆ ಅಂದು ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ಅವನು ಬೇಸರಿಸಲಾರನೆಂಬ ನಂಬಿಕೆ ನನಗಿದೆ.

ನಮ್ಮ ತಲೆಮಾರಿನವರಿಗೆ ಯೂರೋಪಿನ ವಾಹನಗಳು ಪರದೇಶದ ವಸ್ತುಗಳಾಗಿರಲಿಲ್ಲ. ಊರಿನ ಡಾಕ್ಟರರ ಫಿಯಟ್ ಇಟಲಿಯದು, ಜಮೀನುದಾರರ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಪಡಿಯಚ್ಚು. ಕಾರಿನ ಕನಸನ್ನೂ ಕಾಣಲಾಗದ ಮೇಷ್ಟ್ರುಗಳಿಗೆ, ಪೊಲೀಸರಿಗೆ, ರೇಷ್ಮೆ ವ್ಯಾಪಾರಿಗಳಿಗೆ ಇದ್ದದ್ದು ಜೆಕ್ ದೇಶದ ಜಾವಾ. ನಾನು 1975ರಲ್ಲಿ ಕೈಸಾಲ ಮಾಡಿ ಹಳೆಯದೊಂದನ್ನು ಕೊಂಡೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಕಿಕ್ ಹೊಡೆದು ಎಂಜಿನ್ ಹತ್ತಿಕೊಂಡ ಮೇಲೆ ಅದೇ ಕಿಕ್ಕರನ್ನು ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರಾಗುತ್ತಿತ್ತು. ಇದನ್ನು ನೋಡಲೆಂದೇ ಶಾಲೆಯ ಹುಡುಗರು ಸಂಜೆ ಗೇಟಿನ ಬಳಿ ಗುಂಪುಗೂಡುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕಿರುಗಾವಲು, ಬನ್ನೂರು ದಾಟಿ ಮೈಸೂರಿಗೆ ಅದರ ಮೇಲೆ ಎಷ್ಟು ಬಾರಿ ಹೋಗಿ ಬಂದೆನೋ ಲೆಕ್ಕವಿಟ್ಟಿಲ್ಲ. ಕಬ್ಬಿನ ಗದ್ದೆಗಳ ನಡುವೆ ಅದರ ಸದ್ದು ಅರ್ಧ ಮೈಲಿ ಮುಂಚೆಯೇ ನನ್ನ ಬರವನ್ನು ಮನೆಗೆ ಸಾರುತ್ತಿತ್ತು.

ಆ ಜಾವಾ ಹುಟ್ಟಿದ್ದು ಪ್ರಾಗಿನಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ವಿನ್ಯಾಸವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ಅದರ ಮೊದಲೆರಡು ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಅದು. ಆದರೆ ನಮಗೆ ಗೊತ್ತಿದ್ದ ಜಾವಾದ ತವರು ಮೈಸೂರು. ಇರಾನಿ ಕುಟುಂಬದವರು 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಅಲ್ಲಿ ಸ್ಥಾಪಿಸಿದರು. ಮರುವರ್ಷ ಯಾದವಗಿರಿಯ ಕಾರ್ಖಾನೆಯನ್ನು ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಮೊದಮೊದಲು ಹೊರಗಿನಿಂದ ಬಂದ ಭಾಗಗಳನ್ನು ಜೋಡಿಸುತ್ತಿದ್ದವರು ಕ್ರಮೇಣ ಎಲ್ಲವನ್ನೂ ಇಲ್ಲಿಯೇ ತಯಾರಿಸಲು ಕಲಿತರು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, ಆಮೇಲೆ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಈಗ ಪುನರ್ಜನ್ಮದ ಕಥೆಗೆ ಬರೋಣ. ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರ ನವೆಂಬರಿನಲ್ಲಿ ಜಾವಾವನ್ನೂ 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮತ್ತೆ ಬಿಡುಗಡೆ ಮಾಡಿತು. ನನ್ನ ಶಿಷ್ಯ ತಂದ ಗಾಡಿಯ ಬಗೆಗೆ ನನಗೆ ಯಾವ ತಕರಾರೂ ಇಲ್ಲ. ಅದರ ಎಂಜಿನ್ ನಾಲ್ಕು ಸ್ಟ್ರೋಕಿನದು, ನೀರಿನಿಂದ ತಂಪಾಗುವಂಥದು. ನಮ್ಮದು ಎರಡು ಸ್ಟ್ರೋಕಿನ 250 ಸಿಸಿ. ಆಯಿಲನ್ನೂ ಸುಟ್ಟು ನೀಲಿ ಹೊಗೆ ಉಗುಳುತ್ತಿತ್ತು. ಆ ಹೊಗೆ ಮತ್ತೆ ಬರಲೆಂದು ಹಾರೈಸುವಷ್ಟು ಅವಿವೇಕಿ ನಾನಲ್ಲ. ನನ್ನ ಆಕ್ಷೇಪ ಇರುವುದು 'ವಾಪಸ್ ಬಂತು' ಎಂಬ ಆ ಮಾತಿಗೆ. ಎಲ್ಲಿಗೆ ವಾಪಸ್ ಬಂತು? ಹೊಸ ಜಾವಾ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಮೈಸೂರಿಗೆ ಅದು ಬರುವುದು ಷೋರೂಮಿನ ಸರಕಾಗಿ ಮಾತ್ರ.

"ಎಲ್ಲಿ ತಯಾರಾದರೇನು ಮೇಷ್ಟ್ರೇ, ಇದು ಮುದುಕರ ಗೊಣಗಾಟ" ಎನ್ನುವಿರಿ. ಸ್ವಲ್ಪ ತಾಳಿ. ಇಂಗ್ಲೆಂಡಿನ ಮಿನಿ ಕಾರಿನ ಹೆಸರಿಗೆ ಜರ್ಮನಿಯ ಬಿ.ಎಂ.ಡಬ್ಲ್ಯು. ಒಡೆಯನಾಯಿತು. ಆದರೂ 2001ರಲ್ಲಿ ಹೊಸ ಮಿನಿ ಹೊರಬಂದದ್ದು ಆಕ್ಸ್‌ಫರ್ಡಿನ ಕೌಲಿಯಿಂದ, ಹಿಂದೆ ಮಿನಿ ತಯಾರಾಗುತ್ತಿದ್ದ ಊರಿನಿಂದಲೇ. ಇಟಲಿಯ ಪುಟಾಣಿ ಫಿಯಟ್ 500 ತನ್ನ ಐವತ್ತನೆಯ ವರ್ಷದಲ್ಲಿ, 2007ರಲ್ಲಿ, ಮರುಹುಟ್ಟು ಪಡೆದಾಗ ಅದು ತಯಾರಾದದ್ದು ಪೋಲೆಂಡಿನಲ್ಲಿ. ಅದರ ವಿದ್ಯುತ್ ಚಾಲಿತ ರೂಪ 2020ರಲ್ಲಿ ಟ್ಯೂರಿನ್ನಿನ ಮಿರಾಫಿಯೋರಿ ಕಾರ್ಖಾನೆಗೆ ಬಂದಿತು. ಅಂದರೆ ಹೆಸರಿನ ಜೊತೆಗೆ ಕೆಲಸವೂ ತವರಿಗೆ ಮರಳುವುದು ಅಸಾಧ್ಯವೇನಲ್ಲ. ವ್ಯಾಪಾರಿ ತನಗೆ ಅನುಕೂಲವಾದಲ್ಲಿ ಕಾರ್ಖಾನೆ ಕಟ್ಟುತ್ತಾನೆ, ಅದು ಅವನ ಹಕ್ಕು, ಒಪ್ಪಿದೆ. ಆದರೆ ಆ ಹೆಸರಿಗೆ ಈ ನಾಡಿನಲ್ಲಿ ಬೆಲೆ ತಂದುಕೊಟ್ಟದ್ದು ಜಾಹೀರಾತಲ್ಲ. ಯಾದವಗಿರಿಗೆ ದಿನವೂ ಸೈಕಲ್ ತುಳಿದು ಹೋಗಿ ಲೇತಿನ ಮುಂದೆ ನಿಂತ ಕೈಗಳು ತಂದುಕೊಟ್ಟ ಬೆಲೆ ಅದು. ಹೆಸರಿನ ಸೊಬಗನ್ನು ಕೊಂಡಾಡುವ ನಾವು ಆ ಕೈಗಳನ್ನು ನೆನೆಯದಿದ್ದರೆ ಅದು ಕೃತಘ್ನತೆ.

ಇಲ್ಲಿ ನನ್ನ ತಪ್ಪನ್ನೂ ಮುಚ್ಚಿಡಬಾರದು. ಎಂಬತ್ತರ ದಶಕದ ನಡುವೆ ಜಪಾನಿನ ತಂತ್ರಜ್ಞಾನದ 100 ಸಿಸಿ ಗಾಡಿಗಳು ಬಂದಾಗ ಲೀಟರಿಗೆ ಎಷ್ಟು ಕೊಡುತ್ತದೆ ಎಂಬುದೊಂದೇ ಎಲ್ಲರ ಬಾಯಲ್ಲಿದ್ದ ಪ್ರಶ್ನೆ. 1991ರಲ್ಲಿ ನಾನೂ ಜಾವಾವನ್ನು ಗುಜರಿಯವನಿಗೆ ಕೊಟ್ಟು ಅಂಥದೊಂದನ್ನು ಕೊಂಡೆ. ಹೊಗೆಯ ಮೇಲಿನ ಕಟ್ಟುಪಾಡುಗಳು, ಸ್ಪರ್ಧೆ, ಕಾರ್ಮಿಕರ ಬಿಕ್ಕಟ್ಟು ಎಂದು ಕಾರ್ಖಾನೆಯ ಅವಸಾನಕ್ಕೆ ಹಲವು ಕಾರಣಗಳನ್ನು ಹೇಳುತ್ತಾರೆ. ಆ ಪಟ್ಟಿಯಲ್ಲಿ ನನ್ನಂಥ ಗಿರಾಕಿಗಳ ಹೆಸರೂ ಇರಬೇಕು. ಕೈಬಿಟ್ಟವರೇ ಈಗ ಹಾಡಿ ಹೊಗಳುತ್ತಿದ್ದೇವೆ!

ನನ್ನ ಇನ್ನೊಬ್ಬ ಶಿಷ್ಯ ಐ.ಟಿ.ಐ. ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ್ದ. ಈಗ ನಮ್ಮ ತಾಲ್ಲೂಕಿನಲ್ಲಿಯೇ ಸಣ್ಣ ಗ್ಯಾರೇಜ್ ಇಟ್ಟುಕೊಂಡಿದ್ದಾನೆ. ಹಳೆಯ ಗಾಡಿ ರಸ್ತೆಯ ತಿರುವಿನಲ್ಲಿರುವಾಗಲೇ ಸದ್ದು ಕೇಳಿ ಯಾವ ಭಾಗ ಸವೆದಿದೆ ಎಂದು ಹೇಳಬಲ್ಲ. ಅವನ ಮಗ ಬೇರೆ ಕೆಲಸ ಹಿಡಿದ. ಅವನ ಕಾಲಾನಂತರ ಆ ವಿದ್ಯೆ ಯಾರಲ್ಲಿ ಉಳಿಯುತ್ತದೆ? ಹೆಸರು ಯಾರದೆಂಬ ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲೇರಿತು. ಈ ವಿದ್ಯೆ ತನ್ನದೆಂದು ವ್ಯಾಜ್ಯ ಹೂಡಿದವರು ಯಾರೂ ಇಲ್ಲ.

ಜುಲೈ ತಿಂಗಳಿನಲ್ಲಿ ಜಾವಾ ಯೆಜ್ಡಿ ದಿನವೆಂದು ನೂರಾರು ಮಂದಿ ಹಳೆಯ ಗಾಡಿಗಳನ್ನು ಮೆರವಣಿಗೆಯಲ್ಲಿ ತರುತ್ತಾರೆ. ಅವನ್ನು ಉಳಿಸಿಕೊಂಡವರು ಅವರೇ, ಅವರಿಗೆ ನನ್ನ ನಮಸ್ಕಾರ. ಆದರೆ ಮೆರವಣಿಗೆ ಸಾಲದು. ಹಬೆಯ ಎಂಜಿನ್ನುಗಳಿಗಾಗಿ ಮೈಸೂರಿನಲ್ಲಿ 1979ರಲ್ಲಿಯೇ ರೈಲ್ವೆ ವಸ್ತುಸಂಗ್ರಹಾಲಯ ಆಯಿತು. ಆ ಊರೇ ತಯಾರಿಸಿದ ಮೋಟಾರ್ ಸೈಕಲ್ಲಿಗೂ, ಅದನ್ನು ತಯಾರಿಸಿದವರ ಉಪಕರಣಗಳಿಗೂ, ನೆನಪುಗಳಿಗೂ ಅಂಥದೊಂದು ನೆಲೆ ಬೇಕು. ಸರ್ಕಾರ ಮಾಡಲಿ, ಹೆಸರಿನ ಲಾಭ ಪಡೆಯುವವರು ಮಾಡಲಿ, ಅಭಿಮಾನಿಗಳೇ ಸೇರಿ ಮಾಡಲಿ. ಕಾರ್ಖಾನೆ ಮುಚ್ಚಿದಾಗ ನಡುವಯಸ್ಸಿನಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಕಾಯಲು ಹೆಚ್ಚು ಸಮಯವಿಲ್ಲ.

ಹೊಸ ಗಾಡಿಯಲ್ಲಿ ಬಂದ ನನ್ನ ಶಿಷ್ಯನಿಗೆ ಒಂದು ಮಾತು. ಮುಂದಿನ ಸಲ ಬಂದಾಗ ಮೊದಲು ಆ ಗ್ಯಾರೇಜಿಗೆ ಹೋಗು. ನಿನ್ನ ಸಹಪಾಠಿಯೇ ಅವನು, ಗುರುತು ಹಿಡಿಯುತ್ತಾನೆ. ಒಂದು ಗಂಟೆ ಕುಳಿತು ಅವನು ಹೇಳಿದ್ದನ್ನೆಲ್ಲ ನಿನ್ನ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೋ. ಆಮೇಲೆ ಮನೆಗೆ ಬಾ. ಕಾಫಿ ಕುಡಿಯುತ್ತಾ ಇಬ್ಬರೂ ಕೇಳೋಣ.

ನಿಮ್ಮ
ಮೇಷ್ಟ್ರು