ನಂಬರೇ ಹೆಸರಾದ ಹಾಡು

2017ರಲ್ಲಿ ಅಮೆರಿಕದ ಗಾಯಕ ಲಾಜಿಕ್ ಹಾಡೊಂದನ್ನು ತಂದರು. ಬದುಕೇ ಸಾಕೆನಿಸಿದವನೊಬ್ಬ ಸಹಾಯವಾಣಿಗೆ ಫೋನ್ ಮಾಡುವ ಹಾಡು. ಅದರ ಹೆಸರೂ ಆ ಸಹಾಯವಾಣಿಯ ನಂಬರೇ. ಹಾಡು ಹೆಚ್ಚು ಸುದ್ದಿಯಾದ ದಿನಗಳಲ್ಲಿ ಅಲ್ಲಿಗೆ ಕರೆಗಳೂ ಹೆಚ್ಚಿದ್ದವೆಂದು 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಬರೆಯಿತು. ಸಂಗೀತ ಹಲಾಲೋ ಹರಾಮೋ, ಆ ಚರ್ಚೆ ಇನ್ನೊಮ್ಮೆ ಇಟ್ಟುಕೊಳ್ಳೋಣ.

ನಮ್ಮಲ್ಲಿ ನಂಬರ್ ಹೇಳುವವರೇ ಇಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿಗೆ ದುಡಿಯಲು ಬಂದ ಹುಡುಗ ಮಂಕಾಗಿ ಕೂತರೆ 'ಈಮಾನ್ ಕಮ್ಮಿ' ಅನ್ನುವವರೇ ಜಾಸ್ತಿ. ಮಗ ಯೂಸುಫ್(ಅ)ರ ದುಃಖದಲ್ಲಿ ಯಾಕೂಬ್ ನಬಿ(ಅ)ಯವರ ಕಣ್ಣುಗಳೇ ಬಿಳುಪಾದವು ಎನ್ನುತ್ತದೆ ಕುರ್‌ಆನ್. ಅವರ ಈಮಾನ್ ಕಮ್ಮಿಯಿತ್ತಾ?

ದುಆ ಬೇಕು, ಡಾಕ್ಟರೂ ಬೇಕು. ಸರಕಾರದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಜುಮಾದೊಳಗೆ ನಾವು ಉಸ್ತಾದರು ಮಸೀದಿಯ ಬೋರ್ಡಿನಲ್ಲಿ ನಮಾಝ್ ಸಮಯದ ಕೆಳಗೆ ಈ ನಂಬರನ್ನೂ ಬರೆಯೋಣ.