ಮೋಡಕ್ಕೆ ಏರಿಸಿದ ಫೋಟೋಗಳು ಯಾರವು?

ಶಾಲಾ ವಾರ್ಷಿಕೋತ್ಸವದ ನಡುವೆ 'ಸ್ಟೋರೇಜ್ ಫುಲ್' ಎಂದು ಫೋನು ಕೈಕೊಡುವುದು ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಈಗ ಮಾಮೂಲು. ಮಕ್ಕಳ ಯಕ್ಷಗಾನದಲ್ಲಿ ಇನ್ನೇನು ಮಹಿಷಾಸುರನ ಪ್ರವೇಶ ಆಗಬೇಕು, ಅಷ್ಟರಲ್ಲಿ ರೆಕಾರ್ಡಿಂಗ್ ನಿಂತಿರುತ್ತದೆ. ಆಮೇಲೆ ನಿಂತಲ್ಲೇ ಅಳಿಸುವ ಕೆಲಸ. ಗುಡ್ ಮಾರ್ನಿಂಗ್ ಹೂಗಳು ಹೋಗುತ್ತವೆ, ಅವುಗಳ ಜೊತೆಗೆ ಕಳೆದ ಜೂನಿನ ಪ್ರವೇಶೋತ್ಸವವೂ ಹೋಗುತ್ತದೆ!

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಒಂದೇ. ಕ್ಲೌಡಿಗೆ ಹಾಕಿ, ಫೋನು ಖಾಲಿ ಮಾಡಿ. ಹಾಕಬೇಕಾದ್ದೇ, ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಶಾಲೆಯ ಫೋಟೋಗಳೆಲ್ಲ ಒಬ್ಬೊಬ್ಬ ಅಧ್ಯಾಪಕರ ಸ್ವಂತ ಖಾತೆಗೆ ಹೋಗಿ ಕೂರುತ್ತಿವೆಯಲ್ಲ, ನಮ್ಮ ಚಿಂತೆ ಅದು. ಫೋನು ಖಾಲಿಯಾಗುತ್ತದೆ ನಿಜ. ಶಾಲೆಯ ಕೈಯೂ ಖಾಲಿಯೇ ಉಳಿಯುತ್ತದೆ.

ಮೊದಲು ಲೆಕ್ಕ ನೋಡಿ. ಗೂಗಲ್ ಫೋಟೋಸ್ 2015ರಲ್ಲಿ ಬಂದಾಗ ಸ್ವಲ್ಪ ಕುಗ್ಗಿಸಿದ ಫೋಟೋಗಳನ್ನು ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದಿತ್ತು. 2021ರ ಜೂನ್ 1ಕ್ಕೆ ಅದು ಮುಗಿಯಿತು. ಅಂದಿನಿಂದ ಏರಿಸಿದ್ದೆಲ್ಲ 15 ಜಿಬಿಯ ಲೆಕ್ಕಕ್ಕೆ ಸೇರುತ್ತದೆ, ಆ 15 ಜಿಬಿಯಲ್ಲಿ ಜೀಮೇಲ್ ಮತ್ತು ಡ್ರೈವಿಗೂ ಪಾಲುಂಟು. ಆಪಲ್‌ನವರು ಪುಕ್ಕಟೆ ಕೊಡುವುದಂತೂ 5 ಜಿಬಿ ಮಾತ್ರ. ಸಾಧಾರಣ ಫೋಟೋ ಒಂದಕ್ಕೆ ಮೂರು-ನಾಲ್ಕು ಎಂಬಿ ಎಂದಿಟ್ಟುಕೊಂಡರೆ 15 ಜಿಬಿಗೆ ನಾಲ್ಕೈದು ಸಾವಿರ ಫೋಟೋ ಹಿಡಿದೀತು. ವಿಡಿಯೋ ಹಾಗಲ್ಲ. ನಿಮಿಷಕ್ಕೆ ನೂರು ಎಂಬಿಯಂತೆ ನುಂಗುತ್ತದೆ, ಅರ್ಧ ಗಂಟೆಯ ಪ್ರಸಂಗಕ್ಕೆ ಮೂರು ಜಿಬಿ ಬೇಕು. ಐದು ಪ್ರಸಂಗಕ್ಕೆ ಮೋಡವೂ ತುಂಬಿತು!

ತುಂಬಿದ ಮೇಲೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಹೊಸ ಫೋಟೋ ಏರುವುದಿಲ್ಲ, ಇಮೇಲ್ ಬರುವುದೂ ನಿಲ್ಲುತ್ತದೆ. ಎರಡು ವರ್ಷ ಮಿತಿ ಮೀರಿಯೇ ಇದ್ದರೆ ಒಳಗಿರುವುದನ್ನು ತೆಗೆದುಹಾಕುವ ಹಕ್ಕು ಕಂಪನಿಗೆ ಉಂಟು. ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಖಾತೆಯನ್ನೇ ಅಳಿಸಬಹುದು ಎಂಬ ನಿಯಮವೂ 2023ರಲ್ಲಿ ಬಂತು.

ಇನ್ನೊಂದು ವಿಷಯ ನಮ್ಮವರಲ್ಲಿ ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಬ್ಯಾಕಪ್ ಹಾಕಿದರೆ ತಾನಾಗಿ ಮೇಲೆ ಹೋಗುವುದು ಕ್ಯಾಮೆರಾದಲ್ಲಿ ತೆಗೆದದ್ದು. ವಾಟ್ಸಾಪಿನಲ್ಲಿ ಬಂದದ್ದು ಬೇರೆ ಫೋಲ್ಡರಿನಲ್ಲಿರುತ್ತದೆ, ಅದನ್ನು ನಾವೇ ಆರಿಸಿ ಸೇರಿಸಬೇಕು. ಉಪಜಿಲ್ಲಾ ಕಲೋತ್ಸವದಲ್ಲಿ ನಮ್ಮ ಮಕ್ಕಳ ಫೋಟೋ ತೆಗೆದವರು ಪಕ್ಕದ ಶಾಲೆಯ ಟೀಚರ್, ನಮಗೆ ಬಂದದ್ದು ವಾಟ್ಸಾಪಿನಲ್ಲಿ, ಅದೂ ಕುಗ್ಗಿದ ಪ್ರತಿ. ಎಲ್ಲವೂ ಮೋಡದಲ್ಲಿದೆ ಎಂದು ನಂಬಿ ಆ ಫೋಲ್ಡರನ್ನು ಖಾಲಿ ಮಾಡಿದರೆ ಅದೂ ಇಲ್ಲ. ಫೋಟೋಸ್ ಆ್ಯಪಿನ 'ಫ್ರೀ ಅಪ್ ಸ್ಪೇಸ್' ಒತ್ತಿದರೆ ಮೇಲೆ ಹೋಗಿ ಮುಟ್ಟಿದ್ದು ಮಾತ್ರ ಫೋನಿನಿಂದ ಇಳಿಯುತ್ತದೆ. ಅದರ ಬದಲು ಒಂದೊಂದನ್ನೇ ಆರಿಸಿ 'ಡಿಲೀಟ್' ಒತ್ತಿದರೆ ಮೇಲಿನದ್ದೂ ಹೋಗುತ್ತದೆ. ಕಸದಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ. ಎರಡು ಗುಂಡಿಗಳ ಈ ವ್ಯತ್ಯಾಸವನ್ನು ಸ್ಟಾಫ್ ಮೀಟಿಂಗಿನಲ್ಲಿ ಐದು ನಿಮಿಷ ಹೇಳಿಕೊಟ್ಟರೆ ಸಾಕು.

"ನಮ್ಮದು ಶೇರ್ಡ್ ಆಲ್ಬಂ ಉಂಟಲ್ಲ, ಎಲ್ಲರೂ ಅದಕ್ಕೇ ಹಾಕುತ್ತೇವೆ" ಎನ್ನುವವರಿದ್ದಾರೆ. ಒಳ್ಳೆಯದೇ. ಆದರೆ ಅದರಲ್ಲಿರುವ ಫೋಟೋ ಹಾಕಿದವರ ಖಾತೆಯದ್ದು. ಅವರು ತಮ್ಮ ಜಾಗ ಉಳಿಸಲು ಅಳಿಸಿದರೆ, ಬೇರೆಯವರು ತಮ್ಮಲ್ಲಿ ಸೇವ್ ಮಾಡಿಟ್ಟುಕೊಳ್ಳದಿದ್ದರೆ, ಆಲ್ಬಂನಿಂದಲೂ ಮಾಯ. ಕೇರಳದಲ್ಲಿ ಮೇ 31 ಎಂದರೆ ಸಾಮೂಹಿಕ ನಿವೃತ್ತಿಯ ದಿನ. ಹಾರ, ಶಾಲು, ಫಲತಾಂಬೂಲ ಕೊಟ್ಟು ಬೀಳ್ಕೊಡುತ್ತೇವೆ. ಅವರ ಜೊತೆಗೆ ಶಾಲೆಯ ಹತ್ತು ವರ್ಷದ ಚಿತ್ರಗಳೂ ಗೇಟು ದಾಟಿ ಹೋಗುತ್ತವೆ ಎಂದು ಯಾರಿಗಾದರೂ ಹೊಳೆಯುತ್ತದೆಯೇ? ಅವರ ತಪ್ಪೇನೂ ಇಲ್ಲ. ಸ್ವಂತ ಫೋನು, ಸ್ವಂತ ಡೇಟಾ, ಸ್ವಂತ ಖಾತೆ. ಶಾಲೆ ಅವರಲ್ಲಿ ಕೇಳಲಿಲ್ಲ, ಅಷ್ಟೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇವೆಂದರೆ, ನಮ್ಮ ಕಡೆ ಅನೇಕ ಕನ್ನಡ ಶಾಲೆಗಳಿಗೆ ನೂರು ತುಂಬಿದೆ, ಕೆಲವಕ್ಕೆ ತುಂಬುತ್ತಿದೆ. ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಹಳೆ ಫೋಟೋ ಹುಡುಕುವವರ ಪಾಡು ಕೇಳಿ ನೋಡಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದರ ಹಿಂದುಮುಂದಿನ ಕಾಲದ ಗ್ರೂಪ್ ಫೋಟೋ ಒಂದು ಯಾರದ್ದೋ ಮನೆಯ ಗೋಡೆಯಲ್ಲಿ ಸಿಕ್ಕಿದರೆ ಹಬ್ಬ. ಕುರ್ಚಿಯಲ್ಲಿ ಮಾಸ್ತರುಗಳು, ನೆಲದಲ್ಲಿ ಸಣ್ಣ ಮಕ್ಕಳು, ಮುಂದೆ ಸ್ಲೇಟಿನಲ್ಲಿ ಕನ್ನಡದಲ್ಲಿ ಬರೆದ ತರಗತಿ ಮತ್ತು ಇಸವಿ. ಆ ಸ್ಲೇಟು ಇರುವುದರಿಂದಲೇ ನಮಗೆ ಇಂದು ಅದು ಯಾವ ವರ್ಷದ್ದೆಂದು ಗೊತ್ತು. ವರ್ಷಕ್ಕೊಂದೇ ಫೋಟೋ, ಆದರೂ ಉಳಿಯಿತು. ಈಗ ದಿನಕ್ಕೆ ಐವತ್ತು ತೆಗೆಯುತ್ತೇವೆ. ಸ್ಲೇಟಿಲ್ಲ, ಹೆಸರಿಲ್ಲ, ಯಾರ ಖಾತೆಯಲ್ಲಿದೆಯೆಂದೂ ತಿಳಿಯದು. ಡಿವಿಷನ್ ಉಳಿಸಿಕೊಳ್ಳಲು ಒಂದೊಂದು ಮಗುವನ್ನೂ ಎಣಿಸುವ ಶಾಲೆಗಳಿಗೆ ಇಲ್ಲಿ ಇಷ್ಟು ಮಕ್ಕಳು ಕನ್ನಡದಲ್ಲಿ ಕಲಿತರು, ಕುಣಿದರು, ಅರ್ಥ ಹೇಳಿದರು ಎಂದು ತೋರಿಸುವುದಕ್ಕೆ ಬೇರೆ ಏನಿದೆ?

ಕಂಪನಿಗಳನ್ನು ಪೂರಾ ನಂಬುವುದೂ ಬೇಡ. ಆರ್ಕುಟ್ 2014ರಲ್ಲಿ ಬಾಗಿಲು ಹಾಕಿತು, ಪಿಕಾಸಾ 2016ರಲ್ಲಿ. ಒಂದು ಟೆರಾಬೈಟ್ ಪುಕ್ಕಟೆ ಎಂದಿದ್ದ ಫ್ಲಿಕರ್ 2018ರಲ್ಲಿ ಮಾತು ಬದಲಿಸಿ ಸಾವಿರ ಫೋಟೋಗೆ ಇಳಿಸಿತು. ಹಾಗೆಂದು ಮನೆಯ ಕಪಾಟೇ ಗಟ್ಟಿ ಎನ್ನುವಂತೆಯೂ ಇಲ್ಲ. ನಮ್ಮ ಮಳೆಗಾಲದ ಥಂಡಿಗೆ ಬೂಸ್ಟು ಹಿಡಿದ ವಾರ್ಷಿಕೋತ್ಸವದ ಸಿ.ಡಿ.ಗಳು ಯಾವ ಶಾಲೆಯಲ್ಲಿಲ್ಲ?

ಆದ್ದರಿಂದ ಎರಡೂ ಬೇಕು ಎಂಬುದು ನಮ್ಮ ವಾದ. ಶಾಲೆಯ ಹೆಸರಿನಲ್ಲೇ ಒಂದು ಖಾತೆ ತೆರೆಯಿರಿ. ಅದಕ್ಕೆ ಕೊಡುವ ಫೋನ್ ನಂಬ್ರ ಶಾಲೆಯದ್ದಾಗಿರಲಿ, ಪಾಸ್‌ವರ್ಡ್ ಮುಖ್ಯೋಪಾಧ್ಯಾಯರಿಗೂ ಇನ್ನೊಬ್ಬರಿಗೂ ಗೊತ್ತಿರಲಿ. ಕಾರ್ಯಕ್ರಮವಾದ ವಾರದೊಳಗೆ ತೆಗೆದವರೆಲ್ಲ ಮೂಲ ಫೋಟೋಗಳನ್ನು, ವಾಟ್ಸಾಪಿನ ಕುಗ್ಗಿದ ಪ್ರತಿಗಳನ್ನಲ್ಲ, ಆ ಖಾತೆಗೆ ಕೊಡಲಿ. ಐವತ್ತರಲ್ಲಿ ಐದನ್ನು ಆರಿಸಿ ಇಟ್ಟರೂ ಸಾಕು. ಆರಿಸುವವರು ಯಾರು ಎಂಬ ಜಗಳ ಬಂದೀತು, ಬರಲಿ! ಪ್ರತಿಯೊಂದಕ್ಕೂ ಸಂದರ್ಭ, ತರಗತಿ, ಇಸವಿಯನ್ನು ಕನ್ನಡದಲ್ಲಿ ಬರೆಯಿರಿ, ಹಳೆ ಸ್ಲೇಟಿನ ಹಾಗೆ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಎಲ್ಲವನ್ನೂ ಇಳಿಸಿ ಒಂದು ಹಾರ್ಡ್ ಡಿಸ್ಕಿಗೆ ಹಾಕಿ. ಗೂಗಲ್‌ನಲ್ಲಿ ಟೇಕ್‌ಔಟ್ ಎಂಬ ಸೌಲಭ್ಯ ಇರುವುದು ಇದಕ್ಕೇ. ಅಲ್ಲಿ ಬರೆದ ವಿವರಣೆ ಇಳಿಸುವಾಗ ಬೇರೆ ಕಡತವಾಗಿ ಬರುವುದರಿಂದ ಒಂದು ಪುಸ್ತಕದಲ್ಲೂ ಬರೆದಿಟ್ಟರೆ ಕ್ಷೇಮ.

ಮಕ್ಕಳ ಮುಖ ಎಂಬ ಎಚ್ಚರವೂ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು. ಆಲ್ಬಂನ ಲಿಂಕನ್ನು ಸಿಕ್ಕಿದ ಗುಂಪಿಗೆಲ್ಲ ಎಸೆಯಬಾರದು. ಲಿಂಕ್ ಸಿಕ್ಕಿದವರೆಲ್ಲ ನೋಡಬಹುದು. ದಾಖಲಾತಿ ಪುಸ್ತಕದ ಪುಟ, ಆಧಾರ್ ಕಾರ್ಡಿನ ಫೋಟೋ ಇವು ಈ ಆಲ್ಬಂಗೆ ಬರಲೇಕೂಡದು.

ಖರ್ಚಿನ ಮಾತು ಬರುತ್ತದೆ. ಸರಕಾರವೋ ಮ್ಯಾನೇಜರರೋ ಕೊಡಲಿ ಎಂದು ಕಾದರೆ ಕಾಯುತ್ತಲೇ ಇರಬೇಕು. ಐದೈದೇ ಆರಿಸಿ ಇಟ್ಟರೆ 15 ಜಿಬಿ ಕೆಲವು ವರ್ಷ ಸಾಕಾದೀತು, ವಿಡಿಯೋಗಳನ್ನು ಹಾರ್ಡ್ ಡಿಸ್ಕಿನಲ್ಲೇ ಎರಡು ಪ್ರತಿ ಇಡಬಹುದು. ದುಡ್ಡು ಕೊಟ್ಟು ಹೆಚ್ಚು ಜಾಗ ಕೊಂಡರೆ ಪ್ರತಿವರ್ಷ ಕಟ್ಟುತ್ತಲೇ ಇರಬೇಕೆಂಬುದನ್ನು ಮರೆಯಬಾರದು. ಹಳೆ ವಿದ್ಯಾರ್ಥಿ ಸಂಘದವರು ಸ್ಟೇಜಿಗೆ, ಮೈಕಿಗೆ ಧಾರಾಳ ಕೊಡುತ್ತಾರೆ, ಇದಕ್ಕೂ ಕೇಳಿದರೆ ಇಲ್ಲವೆನ್ನಲಾರರು.

ಈ ಸಲ ಜೂನಿನಲ್ಲಿ ಶಾಲೆ ತೆರೆದ ಮೇಲಿನ ಮೊದಲ ಪಿ.ಟಿ.ಎ. ಸಭೆಯಲ್ಲಿ ಇದನ್ನು ಎತ್ತಿ. ನಿವೃತ್ತರಾದವರ ಮನೆಗೆ ಪೆನ್‌ಡ್ರೈವ್ ಹಿಡಿದುಕೊಂಡು ಹೋಗಿ, ಖಂಡಿತ ಚಹಾ ಕೊಟ್ಟು ಫೋಟೋ ಕೊಡುತ್ತಾರೆ. ನಿಮ್ಮ ಶಾಲೆಯಲ್ಲಿ ಈಗಾಗಲೇ ಇಂಥದ್ದು ನಡೆಯುತ್ತಿದ್ದರೆ ಹೇಗೆ ಮಾಡಿದಿರಿ, ಯಾರು ನೋಡಿಕೊಳ್ಳುತ್ತಾರೆ ಎಂದು ನಮಗೂ ನಾಲ್ಕು ಸಾಲು ಬರೆಯಿರಿ.